ಬಾಗಿಲಿಗೊಂದು ಸೊನ್ನೆ

ಕಣದಾಳದ ಗುರಣ್ಣನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಬಸ್ಸು ತಡವಾಗಿ ಬಂದರೆ ಬಸ್ಸಿನ ಮೇಲೆ, ಸರಿಯಾದ ಹೊತ್ತಿಗೆ ಬಂದು ಹೋಗಿಬಿಟ್ಟರೆ ತನ್ನ ಮೇಲೆ, ಬಸ್ಸೂ ತಾನೂ ಸರಿಯಾಗಿದ್ದ ದಿನ ರಸ್ತೆಯ ಮೇಲೆ ಅವನು ಸಿಟ್ಟಾಗುತ್ತಿದ್ದ. ಏಳನೆಯ ಕ್ಲಾಸಿನಲ್ಲಿ ಮಾಸ್ತರರ ಮೇಲೆ ಸಿಟ್ಟಾಗಿ ಶಾಲೆ ಬಿಟ್ಟವನು ಇಪ್ಪತ್ತಾರರ ವಯಸ್ಸಿನಲ್ಲೂ ಆ ಸಿಟ್ಟನ್ನು ಬಾಡಲು ಬಿಡದೆ ಕಾಯ್ದುಕೊಂಡಿದ್ದ. ಅಗಸಿಯ ಬಾಗಿಲಲ್ಲಿ ಸೈಕಲ್ ಪಂಕ್ಚರ್ ತಿದ್ದುವಾಗ ಟೈರುಗಳನ್ನೂ ಬೈಯುತ್ತಿದ್ದ. ಊರಿನವರು ಅದನ್ನು ಅವನ ಹಳೆಯ ಹೊಟ್ಟೆನೋವೆಂದು ತಿಳಿದು ಸುಮ್ಮನಿದ್ದರು. ಆದರೆ ಮಂಡಲ ಪಂಚಾಯ್ತಿಗಳು ಹೊಸದಾಗಿ ಹುಟ್ಟಿದ್ದ ಆ ವರ್ಷ ಅವನಿಗೆ ಸಿಟ್ಟಿನ ಜೊತೆಗೆ ಕಾರಣವೂ ಸಿಕ್ಕಿತು.

ಶ್ರಾವಣದ ಒಂದು ಮುಂಜಾವು ಅವನ ತಾಯಿ ಶರಣಬಸಮ್ಮ ತಂಬಿಗೆ ಹಿಡಿದು ಬಯಲಿಗೆ ಹೋದಾಕೆ ಎರೆಮಣ್ಣಿನಲ್ಲಿ ಜಾರಿ ಬಿದ್ದಳು. ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿಯಿತು. ಎತ್ತಿನ ಗಾಡಿಯಲ್ಲಿ ಜೇವರ್ಗಿಗೆ, ಅಲ್ಲಿಂದ ಬಸ್ಸಿನಲ್ಲಿ ಗುಲ್ಬರ್ಗಾಕ್ಕೆ ನರಳುತ್ತ ಹೋಗಿ ಒಂದು ದೊಡ್ಡ ದವಾಖಾನೆ ಸೇರಿದಳು. ಅಲ್ಲಿ ಎಲುಬಿಗೆ ಕಬ್ಬಿಣದ ಸಳಿ ಹಾಕಿ, ಒಂದೂವರೆ ತಿಂಗಳು ಮಲಗಿಸಿ, ಮನೆಗೆ ಕಳಿಸುವ ದಿನ ಡಾಕ್ಟರರು ಗುರಣ್ಣನನ್ನು ಕರೆದು, ಮುದುಕಿ ಇನ್ನು ಜನ್ಮದಲ್ಲಿ ಕುಕ್ಕರಗಾಲಲ್ಲಿ ಕೂಡಬಾರದು, ಕೂತರೆ ಸಳಿ ಜರುಗುತ್ತದೆ, ಕಮೋಡಿನ ಮೇಲೆ ಮಾತ್ರ ಕೂಡಿಸಬೇಕು ಎಂದು ಹೇಳಿದರು. ಕಮೋಡು ಎಂದರೇನು ಎಂದು ಗುರಣ್ಣ ಕೇಳಿದ. ಅದು ಎತ್ತರದ ಸಂಡಾಸ, ಸಂಡಾಸದಲ್ಲೇ ಒಂದು ಜಾತಿ ಎಂದು ತಿಳಿಯಿತು. ನಮ್ಮೂರಲ್ಲಿ ಸಂಡಾಸದ ಯಾವ ಜಾತಿಯೂ ಇಲ್ಲ ಎಂದ. ಅದು ಎಲುಬಿನ ವಿಭಾಗಕ್ಕೆ ಬರುವ ವಿಷಯವಲ್ಲ ಎಂದು ಡಾಕ್ಟರರು ಮುಂದಿನ ಮಂಚಕ್ಕೆ ಹೋದರು.

ಗುರಣ್ಣ ವರಾಂಡದಲ್ಲಿ ನಿಂತು ಬೈಯತೊಡಗಿದ. ಎಲುಬು ಕೂಡಿಸಲು ಒಬ್ಬರು, ಕೂಡುವ ಜಾಗ ತೋರಿಸಲು ಯಾರೂ ಇಲ್ಲವೆಂದರೆ ಇದೆಂಥ ದವಾಖಾನೆ ಎಂದು ಶುರುವಾದದ್ದು ಕಂಪೌಂಡರ, ಸರ್ಕಾರ, ಎರೆಮಣ್ಣು, ಮಳೆರಾಯ ಎಲ್ಲರನ್ನೂ ಮುಗಿಸಿಕೊಂಡು ಅರ್ಧ ತಾಸು ನಡೆಯಿತು. ಆಗ ಅವನಿಗೆ ಕಂಡದ್ದು, ಬೆಂಚಿನ ಮೇಲೆ ಕೂತ ಒಬ್ಬ ಹೆಣ್ಣುಮಗಳು ತನ್ನ ಬೈಗುಳವನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ ಎಂಬುದು. ಆಕೆ ಕಸ್ತೂರಿಬಾಯಿ. ದವಾಖಾನೆಯ ಆರೈಕೆ, ಅಂಗವಿಕಲ ಮಕ್ಕಳ ಶಾಲೆ, ಹಳ್ಳಿಯ ಸಂಡಾಸ, ಈ ಮೂರರಲ್ಲಿ ಜನರಿಗೆ ಬರುವ ಅಡಚಣೆಗಳ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಗ್ರಾಮ ಅಧ್ಯಯನ ಘಟಕದ ಮುಖ್ಯಸ್ಥೆ. ಇಷ್ಟು ಸ್ಪಷ್ಟವಾಗಿ ಅಡಚಣೆ ಹೇಳಿದವರು ತನಗೆ ಇದುವರೆಗೆ ಸಿಕ್ಕಿರಲಿಲ್ಲ ಎಂದು ಆಕೆ ಅವನನ್ನು ಹೊಗಳಿದಳು. ಕಣದಾಳದ ಮನೆಗಳನ್ನು ಎಣಿಸುವ ಕೆಲಸ ಅವನಿಗೇ ಕೊಟ್ಟಳು. ಸಂಡಾಸ ಇಲ್ಲದ ಮನೆಗಳಲ್ಲಿ, ಕಾಯಿಲೆಯವರಿರುವ ಹತ್ತು ಮನೆಗಳಿಗೆ ಮೊದಲು ಕಟ್ಟಿಸುತ್ತೇವೆ, ನಿಮ್ಮ ತಾಯಿಯದೇ ಮೊದಲನೆಯದು, ಕಮೋಡು ಸಹಿತ ಎಂದು ಮಾತು ಕೊಟ್ಟಳು. ಸಿಟ್ಟಾಗಲು ಯಾರೂ ಉಳಿಯದೆ ಗುರಣ್ಣ ಊರಿನ ತನಕ ಬಸ್ಸಿನಲ್ಲಿ ಚಡಪಡಿಸುತ್ತಲೇ ಬಂದ.

ಮನೆಯ ಹಿತ್ತಲಲ್ಲಿ ತಟ್ಟಿಯ ಮರೆ ಕಟ್ಟಿ, ಅತ್ತ ಮೂರು ಇತ್ತ ಮೂರು ಇಟ್ಟಿಗೆ ಪೇರಿಸಿ, ಒಂದು ರಟ್ಟೆ ಗುರಣ್ಣ, ಇನ್ನೊಂದು ರಟ್ಟೆ ಅವನ ಹೆಂಡತಿ ಶಾರದಾಬಾಯಿ ಹಿಡಿದು ಮುದುಕಿಯನ್ನು ಅರ್ಧಂಬರ್ಧ ತೂಗಿಬಿಡುತ್ತಿದ್ದರು. ಬೆಳೆದ ಮಗ ಮುಖ ಅತ್ತ ತಿರುಗಿಸಿ ನಿಂತಿರುವಾಗ ಯಾವ ತಾಯಿಗೆ ಏನಾದೀತು. ನಾಲ್ಕು ದಿನ ನೋಡಿದ ಶರಣಬಸಮ್ಮ ತನ್ನದೇ ಒಂದು ದಾರಿ ಹುಡುಕಿಕೊಂಡಳು. ಉಣ್ಣುವುದನ್ನು ಬಿಟ್ಟಳು. ಹೊತ್ತಿಗೆ ಕಾಲು ರೊಟ್ಟಿ, ಎರಡು ಗುಟುಕು ನೀರು. ಸೊಸೆ ಒತ್ತಾಯ ಮಾಡಿದರೆ, "ಒಳಗ ಹೋಗಿದ್ದು ಹೊರಗ ಬರತದ ಬೇ ಶಾರದಾ, ಸುಮ್ಮ ಇರು" ಎನ್ನುತ್ತಿದ್ದಳು. ಹದಿನೈದು ದಿನಕ್ಕೆ ಅವಳ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಕಮೋಡು ಎಂಬುದೊಂದು ಯಂತ್ರ, ಅದನ್ನು ಸರ್ಕಾರದವರೇ ಲಾರಿಯಲ್ಲಿ ತಂದು ಕೂಡಿಸಬೇಕು ಎಂದು ಗುರಣ್ಣ ನಂಬಿದ್ದ. ಆದ್ದರಿಂದ ಅವನು ಲಾರಿಯ ದಾರಿ ಕಾಯುತ್ತ ಎಣಿಸುವ ಕೆಲಸಕ್ಕೆ ಇಳಿದ.

ಎಣಿಕೆಯ ವಿಧಾನವನ್ನು ರೂಪಿಸಿದವರು ಘಟಕದ ಗುಮಾಸ್ತ ದೇವೀಂದ್ರಪ್ಪನವರು. ಮನೆಯೊಳಗೆ ಹೋಗಿ ನೋಡಿದರೆ ಚಾ ಕುಡಿಯಬೇಕಾಗುತ್ತದೆ, ಬೇಡವೆಂದರೆ ನಮ್ಮ ಕಡೆಯ ಜನ ಮುನಿಸಿಕೊಳ್ಳುತ್ತಾರೆ, ಕುಡಿದರೆ ಹೊತ್ತು ಹೋಗುತ್ತದೆ. ಆದ್ದರಿಂದ ಊರಿನವನೊಬ್ಬ ಮುಂದಾಗಿ ಹೋಗಿ ಸಂಡಾಸ ಇದ್ದ ಮನೆಯ ಬಾಗಿಲಿಗೆ ಜಾಜು ಎಂಬ ಕೆಂಪು ಮಣ್ಣಿನಿಂದ ಸೊನ್ನೆ, ಇಲ್ಲದ ಮನೆಗೆ ಕತ್ತರಿ ಗುರುತು ಹಾಕಬೇಕು. ಆಮೇಲೆ ದೇವೀಂದ್ರಪ್ಪನವರು ಜೀಪಿನಿಂದ ಇಳಿಯದೆ ಎಣಿಸುತ್ತಾರೆ. ಶಾಲೆಗೆ ಬೇರೆ ಕಾಗದ. ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ಏನಾದರೂ ತೊಂದರೆ ಉಂಟೋ ಎಂಬ ಪ್ರಶ್ನೆಗೆ ಹೆಡ್‌ಮಾಸ್ತರರು, ಅಂಥ ಮಕ್ಕಳು ಯಾರೂ ನಮ್ಮ ಶಾಲೆಗೆ ಬರುವುದಿಲ್ಲವಾದ್ದರಿಂದ ತೊಂದರೆ ಇರುವುದಿಲ್ಲ ಎಂದು ಬರೆದು ಸಹಿ ಹಾಕಿದರು. ಶಾಲೆಯ ಕಟ್ಟೆ ಎದೆಯೆತ್ತರ ಇತ್ತು, ಮೆಟ್ಟಿಲು ಇರಲಿಲ್ಲ. ಬರಲು ರೆಕ್ಕೆ ಬೇಕಿತ್ತು.

ಗುರಣ್ಣ ಎರಡು ದಿನದಲ್ಲಿ ಇನ್ನೂರ ಹನ್ನೊಂದು ಬಾಗಿಲಿಗೆ ಇನ್ನೂರ ಹನ್ನೊಂದು ಕತ್ತರಿ ಹಾಕಿದ. ಮಂಡಲ ಪ್ರಧಾನ ಬಸವಂತರಾಯರ ವಾಡೆಯ ಬಾಗಿಲಿಗೂ ಹಾಕಿದ. ಪ್ರಧಾನರ ಮುಖ ಕಪ್ಪಾಯಿತು. ತನ್ನ ಮನೆಯೊಂದನ್ನು ಮಾತ್ರ ಮೂರನೆಯ ದಿನ ಸಾವಕಾಶವಾಗಿ, ಎಲ್ಲಕ್ಕಿಂತ ಚಂದದ ಕತ್ತರಿ ಬರೆಯಲೆಂದು ಉಳಿಸಿಕೊಂಡಿದ್ದ.

ಮೂರನೆಯ ದಿನ ಮುಂಜಾನೆ ಬಸ್ಸಿನಿಂದ ಅವನ ಮಾವ ಶಾಂತಲಿಂಗಪ್ಪ ಇಳಿದರು.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಶಾಂತಲಿಂಗಪ್ಪನವರದು ಅಫಜಲಪುರದಲ್ಲಿ ಅರಿವೆ ಅಂಗಡಿ, ಅಂಗಡಿಯ ಹಿಂದೆ ಸಂಡಾಸ. ಅಂಗಡಿಗಿಂತ ಸಂಡಾಸದ ಬಗ್ಗೆ ಅವರಿಗೆ ಅಭಿಮಾನ ಹೆಚ್ಚು. ಮಗಳನ್ನು ಕೊಡುವ ಮಾತುಕತೆಗೆ ಬಂದಾಗ ಹೊಲ ಕೇಳಲಿಲ್ಲ, ಎತ್ತು ಕೇಳಲಿಲ್ಲ, ಸಂಡಾಸ ಅದ ಏನ್ರಿ ಎಂದು ಮಾತ್ರ ಕೇಳಿದ್ದರು. ಗುರಣ್ಣ ಹಿತ್ತಲಲ್ಲಿದ್ದ, ಒಲೆಗೆ ಹಾಕುವ ಸಗಣಿಯ ಕುಳ್ಳು ತುಂಬುವ ಸಣ್ಣ ಕೋಣೆಯ ಕಡೆ ಕೈ ತೋರಿಸಿ ಅದಲ್ಲರಿ ಅಂದಿದ್ದ. ಮದುವೆಯ ಮಾರನೆಯ ದಿನ ಶಾರದಾಬಾಯಿ ಆ ಕೋಣೆಯ ಬಾಗಿಲು ತೆರೆದು, ಕುಳ್ಳು ನೋಡಿ, ಮತ್ತೆ ಮುಚ್ಚಿ, ಯಾರಿಗೂ ಏನೂ ಹೇಳಿರಲಿಲ್ಲ. ಮೂರು ವರ್ಷದಲ್ಲಿ ಮಾವ ನಾಲ್ಕು ಸಲ ಬಂದಿದ್ದರು. ನಾಲ್ಕು ಸಲವೂ ಗುರಣ್ಣ, ಮೊನ್ನೆ ತಾನೇ ಒಳಗೆ ಸುಣ್ಣ ಬಳಿದಿದ್ದೇವೆ, ಇನ್ನೂ ಹಸಿ ಇದೆ ಎಂದು ಹೇಳಿ ಅವರನ್ನು ಹಳ್ಳದ ಕಡೆ ಕರೆದೊಯ್ದಿದ್ದ.

ಈಗ ಶಾಂತಲಿಂಗಪ್ಪನವರು ಕೈ ಹಿಂದೆ ಕಟ್ಟಿಕೊಂಡು ಅಳಿಯನ ಬೆನ್ನ ಹಿಂದೆ ನಿಂತರು. ಸೂಚನೆಯ ಹಾಳೆಯನ್ನು ತೆಗೆದುಕೊಂಡು, ಸೊನ್ನೆ ಯಾವುದಕ್ಕೆ, ಕತ್ತರಿ ಯಾವುದಕ್ಕೆ ಎಂದು ಓಣಿಗೆಲ್ಲ ಕೇಳುವಂತೆ ಓದಿದರು. ಓದಿ ಮುಗಿಸಿ, "ಹಾಕ್ರಿ ಅಳಿಯಂದ್ರ, ನಮ್ಮ ಮನಿದು ಹಾಕ್ರಿ" ಎಂದರು. ಗುರಣ್ಣ ಜಾಜಿನ ಬಟ್ಟಲು ಎತ್ತಿಕೊಂಡ. ಮಾವ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ, ಹೋದ ಮೇಲೆ ಒರೆಸಿ ಕತ್ತರಿ ಹಾಕಿದರಾಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ತನ್ನ ಬಾಗಿಲಿಗೆ ಒಂದು ದುಂಡನೆಯ ಸೊನ್ನೆ ಬರೆದ. ಮಾವನ ಮುಖ ಅರಳಿತು. ಅಳಿಯ ಸರ್ಕಾರದ ಕೆಲಸದಲ್ಲಿದ್ದಾನೆ, ಎಣಿಸುವ ಸಾಹೇಬರನ್ನು ನೋಡಿಕೊಂಡೇ ಹೋಗುತ್ತೇನೆ ಎಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಎದುರುಮನೆಯಿಂದ ಇದನ್ನೆಲ್ಲ ನೋಡುತ್ತ ಕೂತವನು ಬಡಗಿ ಕೆಲಸದ ನಿಜಾಮುದ್ದೀನ. ಊರಿನಲ್ಲಿ ವಿಚಾರ ಮಾಡಿ ಮಾತಾಡುವವನೆಂದು ಹೆಸರಾದವನು. ವಿಚಾರ ಮಾಡಿದ. ಮಾಡಿ, ಪಕ್ಕದ ಮನೆಯ ಮುದುಕಿ ಸಾಬವ್ವನಿಗೆ ಹೇಳಿದ.

"ಹೋದ ವರ್ಷ ರೋಡಿನವ್ರು ಬಂದು ಮೂರು ಮನಿ ಗ್ವಾಡಿಗಿ ಕತ್ತರಿ ಬರದ್ರು, ನೆಪ್ಪದನ? ತಿಂಗಳದಾಗ ಮೂರೂ ಮನಿ ಮುಂದಿನ ಕಟ್ಟಿ ಒಡದು ಹಾಕಿದ್ರು. ಗುರಣ್ಣನ ಮನ್ಯಾಗ ಸಂಡಾಸ ಇಲ್ಲ. ನನಗ ಗೊತ್ತದ, ದಿನಾ ಮುಂಜಾನಿ ನನ್ನ ಬಾಜೂಕೇ ಕೂಡ್ತಾನ. ಮತ್ತ ತನ್ನ ಬಾಗಲಿಗಿ ಸೊನ್ನಿ ಯಾಕ ಹಾಕ್ಕೊಂಡ? ಒಳಗಿನ ಸುದ್ದಿ ಅಂವಗ ಗೊತ್ತದ ಬೇ ಮುದುಕಿ. ಸೊನ್ನಿ ಇದ್ದಾವ್ರಿಗಿ ಏನೋ ಬರೂದದ. ಕತ್ತರಿ ಇದ್ದಾವ್ರ ಮನಿಗಿ ಹಾರಿ ಬರೂದದ."

ಹಾರಿ ಎಂದರೆ ಗೋಡೆ ಒಡೆಯುವ ಕಬ್ಬಿಣದ ಹಾರಿ. ಮಾತು ಸಾಬವ್ವನ ಬಾಯಿಗೆ ಬಿದ್ದ ಮೇಲೆ ಡಂಗುರದ ಅಗತ್ಯ ಉಳಿಯಲಿಲ್ಲ. ಮಧ್ಯಾಹ್ನದೊಳಗೆ ಊರಿನ ಹೆಂಗಸರೆಲ್ಲ ಸಗಣಿ ಕಲಸಿದರು, ಗೋಡೆ ಸಾರಿಸಿದರು, ಕತ್ತರಿಗಳು ಸಗಣಿಯ ಅಡಿ ಸೇರಿದವು. ಅಂಗಡಿಯಲ್ಲಿ ಜಾಜು ತೀರಿತು. ಜಾಜು ಸಿಗದವರು ಇಟ್ಟಿಗೆ ಪುಡಿ ಮಾಡಿದರು, ಕುಂಕುಮ ಕಲಸಿದರು. ಸಾಬವ್ವ ಎರಡು ಸೊನ್ನೆ ಬರೆದಳು. ಒಂದು ತನ್ನದು, ಇನ್ನೊಂದು ಸತ್ತ ಗಂಡನದು. ಬದುಕಿದ್ದಾಗ ಸರ್ಕಾರ ಅವನಿಗೆ ಏನೂ ಕೊಟ್ಟಿರಲಿಲ್ಲವಂತೆ. ಪ್ರಧಾನರ ವಾಡೆಯ ಮೇಲೆ ಗಾಡಿಯ ಗಾಲಿಯಷ್ಟು ದೊಡ್ಡ ಸೊನ್ನೆ ಬಂತು. ದನದ ಕೊಟ್ಟಿಗೆಗೆ, ಬಸ್ಸು ನಿಲ್ಲುವ ಕಟ್ಟೆಗೆ, ಶಾಲೆಗೆ ಬಂತು.

ಸಂಜೆ ಅಗಸಿಯಿಂದ ಮನೆಗೆ ಬರುತ್ತಿದ್ದ ಗುರಣ್ಣ ಮೊದಲ ಸೊನ್ನೆ ನೋಡಿ ಕಣ್ಣುಜ್ಜಿಕೊಂಡ. ಹತ್ತನೆಯದನ್ನು ನೋಡಿ ಒದರಲು ಶುರುಮಾಡಿದ. ಯಾರು ಒರೆಸಿದ್ದು, ಯಾರು ಬರೆದದ್ದು, ನಿಮ್ಮ ಮನೆಯಲ್ಲಿ ಯಾವಾಗ ಕಟ್ಟಿದಿರಿ ಸಂಡಾಸ ಎಂದು ಓಣಿಯ ನಡುವೆ ನಿಂತು ಕೂಗಾಡಿದ. ಸಾಬವ್ವ ಬಾಗಿಲಲ್ಲಿ ಕೂತು ಎಲೆ ಮಡಿಚುತ್ತಿದ್ದಳು.

"ಗುರ್ಯಾ, ಮೊದಲ ನಿನ್ನ ಬಾಗಲಾ ನೋಡ್ಕೊ. ನಿನ್ನ ಮನ್ಯಾಗ ಯಾವಾಗ ಕಟ್ಟಿಸಿದ್ಯೋ?"

ಗುರಣ್ಣ ಬಾಯಿ ತೆರೆದ. ಅವನ ಬಾಗಿಲಲ್ಲೇ ಶಾಂತಲಿಂಗಪ್ಪನವರು ಬೀಸಣಿಕೆ ಹಿಡಿದು, ಅಳಿಯ ಏನು ಉತ್ತರ ಕೊಡುತ್ತಾನೋ ಎಂದು ಕುತೂಹಲದಿಂದ ನಿಂತಿದ್ದರು. ಗುರಣ್ಣ ಬಾಯಿ ಮುಚ್ಚಿದ. ಅವನ ಆಯುಷ್ಯದಲ್ಲಿ ಸಿಟ್ಟು ಗಂಟಲ ತನಕ ಬಂದು ತಿರುಗಿ ಹೋದದ್ದು ಅದೇ ಮೊದಲು.

ಮಾರನೆಯ ದಿನ ಜೀಪು ಬಂತು. ದೇವೀಂದ್ರಪ್ಪನವರು ಮುಂದೆ ಕೂತಿದ್ದರು, ತೊಡೆಯ ಮೇಲೆ ರಿಜಿಸ್ಟರು. ಡ್ರೈವರು ಸೊನ್ನೆ ಎನ್ನುತ್ತಿದ್ದ, ಇವರು ಗೀಟು ಎಳೆಯುತ್ತಿದ್ದರು. ಕತ್ತರಿ ಎನ್ನುವ ಪ್ರಸಂಗವೇ ಬಾರದ್ದರಿಂದ ಸ್ವಲ್ಪ ಹೊತ್ತಿನ ಮೇಲೆ ಡ್ರೈವರು ಸುಮ್ಮನಾದ, ಇವರು ಮನೆ ನೋಡದೆಯೇ ಗೀಟು ಎಳೆದರು. ಗುರಣ್ಣ ತಡೀರಿ, ತಡೀರಿ ಎನ್ನುತ್ತ ಜೀಪಿನ ಹಿಂದೆ ಓಡಿದ. ಅಳಿಯನ ನಿಷ್ಠೆ ಕಂಡು ಮಾವನೂ ಹಿಂದೆ ಓಡಿದರು. ಜೀಪು ಧೂಳೆಬ್ಬಿಸಿ ಹೋಯಿತು. ಏದುಸಿರು ಬಿಡುತ್ತ ಮಾವ ಅಳಿಯನ ಬೆನ್ನು ತಟ್ಟಿ, ಮುಂದಿನ ಬಸ್ಸಿಗೆ ತೃಪ್ತಿಯಿಂದ ಅಫಜಲಪುರಕ್ಕೆ ಹೋದರು.

ಅವರ ಬಸ್ಸು ಮರೆಯಾದದ್ದೇ ತಡ, ಗುರಣ್ಣ ಸೈಕಲ್ ಹತ್ತಿ ಜೇವರ್ಗಿಗೆ ಹೋದ. ಘಟಕದ ದಫ್ತರ ಒಂದು ಬೆಲ್ಲದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಕಸ್ತೂರಿಬಾಯಿ ಇರಲಿಲ್ಲ, ಅಧ್ಯಯನಕ್ಕೆಂದು ಆಳಂದದ ಕಡೆ ಹೋಗಿದ್ದಳು. ದೇವೀಂದ್ರಪ್ಪನವರು ಕನ್ನಡಕ ಹಣೆಗೇರಿಸಿ ರಿಜಿಸ್ಟರು ಬಿಚ್ಚಿ ಬೆರಳಿಟ್ಟು ತೋರಿಸಿದರು.

"ಕಣದಾಳ, ಗುರಣ್ಣನ ಮನಿ. ಸಂಡಾಸ ಅದ."

"ಇಲ್ರಿ ಸಾಹೇಬ್ರ."

"ಅದ ಅಂತ ಬರದದ."

"ಬರದಿದ್ದು ಖರೇ. ಸಂಡಾಸ ಇಲ್ಲ."

"ಹಂಗಾದ್ರ ಕಳುವಾಗ್ಯದೇನು? ಠಾಣೆಕ್ಕ ಹೋಗು." ದೇವೀಂದ್ರಪ್ಪನವರು ಅದನ್ನು ತಮಾಷೆಗೆ ಹೇಳಲಿಲ್ಲ. ನಿಧಾನವಾಗಿ ವಿಚಾರಣೆ ಮುಂದುವರಿಸಿದರು. "ಗುರುತು ಹಾಕ್ದಾಂವ ಯಾರು?"

"ನಾನೇರಿ."

"ಇಲ್ಲ ಅನ್ನಾಕತ್ತಾಂವ?"

"ಅಂವನೂ ನಾನೇರಿ."

"ಇಬ್ಬರಾಗ ಒಬ್ಬನ್ನ ನಂಬಬೇಕಲ್ಲೋ ತಮ್ಮಾ. ಅಂವಾ ಕೆಲಸದ ಮ್ಯಾಲ ಇದ್ದ. ನೀ ಇವತ್ತ ಬರೇ ಗುರಣ್ಣ."

ಗುರಣ್ಣ ಮೇಜು ಗುದ್ದಿದ. ತಾಯಿಯ ಚಪ್ಪೆ, ಸಳಿ, ಕಾಲು ರೊಟ್ಟಿ ಎಲ್ಲ ಹೇಳಿದ. ದೇವೀಂದ್ರಪ್ಪನವರು ಕೆಟ್ಟವರಲ್ಲ. ಮರುಕಪಟ್ಟು ಕಾಯಿದೆ ಪುಸ್ತಕ ತಿರುವಿದರು. ಕಾಗದದಲ್ಲಿ ಇರುವ ಸಂಡಾಸವನ್ನು ಹೊಸದಾಗಿ ಕಟ್ಟಲು ಬರುವುದಿಲ್ಲ, ಆದರೆ ಇದ್ದದ್ದು ಬಿದ್ದುಹೋದರೆ ದುರಸ್ತಿಗೆ ಅವಕಾಶವಿದೆ, ಬಿದ್ದದ್ದನ್ನು ಪ್ರಧಾನರು ಕಣ್ಣಾರೆ ನೋಡಿ ಸಹಿ ಮಾಡಬೇಕು ಎಂದು ದಾರಿ ತೋರಿಸಿದರು.

ಇಲ್ಲದ ಸಂಡಾಸ ಬೀಳುವುದು ಹೇಗೆ ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಗುರಣ್ಣ ಕೇಳಲಿಲ್ಲ. ಹದಿನೆಂಟು ಕಿಲೋ‌ಮೀಟರು ಸೈಕಲ್ ತುಳಿದು ಬಂದು, ಹಾರಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಮಾವನಿಗೆ ತೋರಿಸಿದ್ದ ಆ ಕುಳ್ಳಿನ ಕೋಣೆಯ ಎರಡು ಗೋಡೆ ಕೆಡವಿದ. ಹಿಂದಿನ ಸಂಜೆಯಿಂದ ತಡೆದಿಟ್ಟ ಸಿಟ್ಟೆಲ್ಲ ಅದರಲ್ಲಿ ಹೋಯಿತು. ಹಾರಿ ಹಿಡಿದ ಗುರಣ್ಣನನ್ನು ಕಂಡು ನಿಜಾಮುದ್ದೀನ ಓಣಿಗೆಲ್ಲ ಕೈ ತೋರಿಸಿದ, ನಾ ಹೇಳಲಿಲ್ಲೇನು ಎಂಬಂತೆ. ಅವತ್ತು ಸಂಜೆ ಸೊನ್ನೆಗಳಿಗೆ ಎರಡನೆಯ ಕೋಟು ಬಿತ್ತು.

ಪ್ರಧಾನ ಬಸವಂತರಾಯರು ವಾರದ ಮೇಲೆ ಸಹಿ ಮಾಡಲು ಬಂದರು, ಬಂದವರು ಬಿದ್ದ ಗೋಡೆ ನೋಡಿ ತಲೆ ಹಿಡಿದುಕೊಂಡರು. ಅವರಿಗೆ ಮುಂಜಾನೆಯೇ ಕಾಗದ ಬಂದಿತ್ತು. ಅಫಜಲಪುರ, ಆಳಂದ, ಜೇವರ್ಗಿ ಮೂರು ತಾಲೂಕಿನಲ್ಲಿ ಎಲ್ಲ ಮನೆಗೂ ಸಂಡಾಸವಿರುವ ಊರು ಕಣದಾಳ ಒಂದೇ. ಮಾದರಿ ಗ್ರಾಮ. ಬಹುಮಾನ ಕೊಡಲು ಖುದ್ದು ಕಸ್ತೂರಿಬಾಯಿ ಬರುವವರಿದ್ದರು. ಅಂಥ ಊರಿನಲ್ಲಿ, ಅದೂ ಎಣಿಸಿದವನ ಮನೆಯಲ್ಲೇ, ಸಂಡಾಸ ಬಿದ್ದಿದೆ ಎಂದರೆ ಊರಿನ ಮಾನ ಏನಾಗಬೇಕು. ಪ್ರಧಾನರು ದುರಸ್ತಿ ಅರ್ಜಿಯನ್ನು ಹರಿದು ಜೇಬಿಗೆ ಹಾಕಿಕೊಂಡರು. ನಾಲ್ಕು ಆಳು ಹಚ್ಚಿದರು. ಎರಡೇ ದಿನದಲ್ಲಿ ಗೋಡೆ ಎದ್ದವು, ಸುಣ್ಣ ಬಿತ್ತು, ಬಾಗಿಲು ಬಂತು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಮಾದರಿ ಶೌಚಾಲಯ ಎಂದು ಬರೆಸಿ, ಬೀಗ ಹಾಕಿ, ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಇದಿಷ್ಟನ್ನೂ ಪಡಸಾಲೆಯ ಹೊರಸಿನ ಮೇಲೆ ಮಲಗಿ ನೋಡುತ್ತಿದ್ದ ಶರಣಬಸಮ್ಮ, ಒಳಗೆ ಏನಿದೆಯೋ ಎಂದು ಮಗನನ್ನು ಕೇಳಿದಳು. ಆ ಹೊತ್ತಿಗೆ ಅವಳು ಕಾಲು ರೊಟ್ಟಿಯನ್ನೂ ಬಿಟ್ಟು ಅಂಬಲಿಗೆ ಇಳಿದಿದ್ದಳು. ಕಸ್ತೂರಿಬಾಯಿ ಬರಲಿ, ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಗುರಣ್ಣ ದಿನ ಎಣಿಸಿದ. ಹೇಳುವ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಶಾಂತಲಿಂಗಪ್ಪನವರು ರೇಷ್ಮೆ ರುಮಾಲು ಸುತ್ತಿಕೊಂಡು ಇಳಿದರು. ಅಳಿಯನಿಗೆ ಸನ್ಮಾನವೆಂದು ಪ್ರಧಾನರೇ ಹೇಳಿ ಕಳಿಸಿದ್ದರು.

ಕಸ್ತೂರಿಬಾಯಿ ಹತ್ತು ಗಂಟೆಗೆ ಬಂದಳು. ಜೀಪಿನಿಂದ ಎಣಿಸುವ ಪದ್ಧತಿ ಆಕೆಗೆ ಹಿಡಿಸುತ್ತಿರಲಿಲ್ಲವೆಂದು ಕಾಣುತ್ತದೆ, ಕೆಳಗಿಳಿದು ನಡೆದಳು. ಇಳಿದದ್ದೇ ತಪ್ಪಾಯಿತು. ಅಗಸಿಯಿಂದ ಸಭೆಯ ಮಂಟಪದ ತನಕ ಒಂಬತ್ತು ಮನೆಯವರು ಚಾ ಕೊಟ್ಟರು. ಒಂದು ಮನೆಯದು ಕುಡಿದು ಇನ್ನೊಂದು ಮನೆಯದು ಬಿಡುವಂತಿಲ್ಲ. ಸಾಬವ್ವ ಮಾತ್ರ ಎರಡು ಕಪ್ಪು ಕುಡಿಸಿದಳು. ದೇವೀಂದ್ರಪ್ಪನವರು ಜೀಪಿನಲ್ಲೇ ಕೂತು ಮುಗುಳ್ನಗುತ್ತಿದ್ದರು.

ಸ್ವಾಗತದ ಹಾಡು ಮುಗಿದು ಪ್ರಧಾನರ ಭಾಷಣ ಅರ್ಧಕ್ಕೆ ಬಂದಿರುವಾಗ ಕಸ್ತೂರಿಬಾಯಿ ಪಕ್ಕದಲ್ಲಿದ್ದ ಶಾರದಾಬಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಶಾರದಾಬಾಯಿಯ ಮುಖ ಬಿಳುಚಿತು. ಅವಳು ಗುರಣ್ಣನಿಗೆ ಹೇಳುವಷ್ಟರಲ್ಲಿ ಪ್ರಧಾನರ ಕಿವಿಗೆ ಬಿತ್ತು. ಮೈಕು ಕೈಯಲ್ಲಿದ್ದ ಮನುಷ್ಯನಿಗೆ ಏನು ಹೇಳಿದರೂ ಅದು ಊರಿಗೆ ಹೇಳಿದಂತೆಯೇ. ಬಸವಂತರಾಯರು ಹಿಗ್ಗಿ, ಮಾನ್ಯ ಬಾಯಿಯವರು ಈಗ ನಮ್ಮ ಮಾದರಿ ಶೌಚಾಲಯವನ್ನು ತಮ್ಮ ಅಮೃತಹಸ್ತದಿಂದ ಉದ್ಘಾಟಿಸಿ, ಪ್ರಥಮ ಬಳಕೆಯನ್ನೂ ಮಾಡಲಿದ್ದಾರೆ ಎಂದು ಸಾರಿದರು.

ಹಲಗೆ ಮೊಳಗಿದವು. ಮುಂದೆ ಹಲಗೆಯವರು, ಹಿಂದೆ ಪ್ರಧಾನರು, ಅವರ ಹಿಂದೆ ಕೆಂಪಾದ ಮುಖ ತಗ್ಗಿಸಿಕೊಂಡ ಕಸ್ತೂರಿಬಾಯಿ, ಅವಳ ಹಿಂದೆ ಇಡೀ ಕಣದಾಳ, ಮೆರವಣಿಗೆ ಗುರಣ್ಣನ ಹಿತ್ತಲಿಗೆ ಬಂತು. ಸೋಬಾನೆ ಪದ ಹೇಳುವವರೂ ಇದ್ದರು. ಪ್ರಧಾನರು ಉಡಿದಾರದ ಕೀಲಿ ಬಿಚ್ಚಿ ಬಾಗಿಲು ತೆರೆದರು. ಒಳಗೆ ಸಾರಿಸಿದ ನೆಲ. ನೆಲದ ನಡುವೆ ರಂಗೋಲಿ. ಬೇರೆ ಏನೂ ಇಲ್ಲ.

ಹಲಗೆ ನಿಂತವು.

"ಇದರಾಗ ಸಂಡಾಸ ಎಲ್ಲದರಿ?" ಎಂದು ಕಸ್ತೂರಿಬಾಯಿ ಸಣ್ಣ ದನಿಯಲ್ಲಿ ಕೇಳಿದಳು.

ಇದೇ ಸಂಡಾಸ, ಇನ್ನೂ ಯಾರೂ ಬಳಸಿಲ್ಲ, ಅದಕ್ಕೇ ಇಷ್ಟು ಸ್ವಚ್ಛವಿದೆ ಎಂದರು ಪ್ರಧಾನರು. ಗುರಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಮಾವನ ಮುಂದೆ ಬಂದು ನಿಂತ.

"ಮಾವಾರ, ಇದು ಕುಳ್ಳಿನ ಕೋಣಿ. ಮೊದಲಿಂದನೂ ಕುಳ್ಳಿನ ಕೋಣಿ. ನಾ ನಿಮಗ ಸುಳ್ಳ ಹೇಳಿ ಲಗ್ನಾ ಮಾಡ್ಕೊಂಡೇನಿ."

ಶಾಂತಲಿಂಗಪ್ಪನವರು ರುಮಾಲು ಸರಿಮಾಡಿಕೊಂಡರು. "ನನಗ ಗೊತ್ತದ. ಮೂರು ವರ್ಷ ಆರಲಾರದ ಸುಣ್ಣ ಯಾವ ಅಂಗಡ್ಯಾಗ ತಂದೀರಿ ಅಂತ ಕೇಳಬೇಕಂತ ಮಾಡಿದ್ದೆ. ಮಗಳು ಕೇಳಬ್ಯಾಡ ಅಂದ್ಲು."

ಅಂದರೆ ಯಾರೂ ನಂಬದ ಒಂದು ಸುಳ್ಳನ್ನು ಕಾಪಾಡಲು ಅವನು ಆ ಸೊನ್ನೆ ಬರೆದಿದ್ದ. ಆ ಸೊನ್ನೆ ನೋಡಿ ಊರು ಬರೆದಿತ್ತು. ಗುರಣ್ಣನಿಗೆ ಈಗ ಯಾರ ಮೇಲೆ ಸಿಟ್ಟಾಗಬೇಕೆಂಬುದೇ ತಿಳಿಯಲಿಲ್ಲ, ಕಸ್ತೂರಿಬಾಯಿ ಎದುರಿಗಿದ್ದಳು, ಅವಳ ಮೇಲೆ ಹರಿಹಾಯ್ದ. ದವಾಖಾನೆಯಲ್ಲಿ ಅರ್ಧ ತಾಸು ಬೈದೆ, ಒಂದಕ್ಷರ ಬಿಡದೆ ಬರೆದುಕೊಂಡಿರಿ, ಬರೆದದ್ದು ಎಲ್ಲಿ ಹೋಯಿತು, ನಾನು ಏಳನೆಯ ಕ್ಲಾಸು ಕಲಿತವನು ತಪ್ಪು ಬರೆದೆ, ಇಷ್ಟು ಓದಿದ ನಿಮ್ಮಲ್ಲಿ ಒಬ್ಬರಿಗಾದರೂ ಜೀಪಿನಿಂದ ಇಳಿದು ಒಂದು ಬಾಗಿಲು ತೆರೆದು ನೋಡಬೇಕೆನಿಸಲಿಲ್ಲವೇ ಎಂದು ಕೇಳಿದ.

ಪಡಸಾಲೆಯ ಹೊರಸಿನಿಂದ ಶರಣಬಸಮ್ಮ ಕೂಗಿ ಹೇಳಿದಳು. ಅನ್ನ ಕಾಣದ ದನಿ, ಆದರೂ ಎಲ್ಲರಿಗೂ ಕೇಳಿಸಿತು.

"ಆಕೀಗ್ಯಾಕ ಬೈತಿಯೋ ಗುರಣ್ಣಾ. ಬಾಯಾರ, ಹೊತ್ತು ಮುಳುಗೂತನಾ ತಡೀರಿ. ಇಲ್ಲಿ ಹೆಣ್ಮಕ್ಕಳೆಲ್ಲ ದಿನಾ ತಡೀತಾರ. ಕತ್ತಲಾದ ಮ್ಯಾಲ ನಿಮಗ ಬಯಲರ ಅದ. ನನಗ ಅದೂ ಇಲ್ಲ, ನಾ ಉಣ್ಣೂದೇ ಬಿಟ್ಟೇನಿ."

ಸೋಬಾನೆ ಹೇಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಕಸ್ತೂರಿಬಾಯಿ ಹೊರಸಿನ ಹತ್ತಿರ ಹೋಗಿ ಮುದುಕಿಯ ಕೈ ಹಿಡಿದಳು, ಬಳೆಗಳು ಮೊಣಕೈಗೆ ಜಾರಿದ್ದನ್ನು ನೋಡಿದಳು. ಇವತ್ತೇ ಈ ಎಣಿಕೆ ಹೊಡೆದು ಹಾಕುತ್ತೇನೆ ಎಂದಳು. ಹಾಗೆ ಮಾಡಲು ಬರುವುದಿಲ್ಲ, ಮರುಎಣಿಕೆ ಮುಂದಿನ ವರ್ಷವೇ ಎಂದು ಮೆರವಣಿಗೆಯ ಹಿಂದೆ ಬಂದಿದ್ದ ದೇವೀಂದ್ರಪ್ಪನವರು ನೆನಪಿಸಿದರು. ಆದರೆ ಆ ಕ್ಷಣಕ್ಕೆ ಆಕೆಗೆ ಮುಂದಿನ ವರ್ಷದ ತನಕ ವಾದ ಮಾಡುವ ಸ್ಥಿತಿ ಇರಲಿಲ್ಲ. ಜೀಪು ಹತ್ತಿ ಜೇವರ್ಗಿಯ ದಫ್ತರಕ್ಕೆ ಎಂದಳು. ದಫ್ತರದ ಸಂಡಾಸದ ಕೀಲಿ ದೇವೀಂದ್ರಪ್ಪನವರ ಜೇಬಿನಲ್ಲಿತ್ತು. ಆದ್ದರಿಂದ ಅವರೂ ಹತ್ತಬೇಕಾಯಿತು. ಹತ್ತುವ ಮೊದಲು, ದಾಖಲೆಗೆ ಬೇಕಲ್ಲ ಎಂದು, ಮಂಟಪದಲ್ಲಿ ಮುಚ್ಚಿಟ್ಟಿದ್ದ ಬಹುಮಾನದ ಮೇಲಿನ ಬಟ್ಟೆ ಎಳೆದು, ಪ್ರಧಾನರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ಹೊಡೆಸಿಕೊಂಡು ಹೋದರು.

ಬಹುಮಾನವೆಂದರೆ ಒಂದು ಕುರ್ಚಿ. ಸಾಗವಾನಿಯದು, ಎರಡೂ ಕಡೆ ಕೈ, ಎದೆಯೆತ್ತರದ ಬೆನ್ನು, ಕೆಂಪು ಮಕಮಲ್ಲಿನ ದಿಂಬು. ಬೆನ್ನ ಮೇಲೆ ಹಿತ್ತಾಳೆಯ ಪಟ್ಟಿ: ಸಂಪೂರ್ಣ ಶೌಚಾಲಯ ಸಾಧನೆಗಾಗಿ. ಇನ್ನು ಮುಂದೆ ಮಂಡಲ ಪ್ರಧಾನರು ಅದರ ಮೇಲೆ ಕೂತು ಊರು ಆಳಬೇಕು. ಬಸವಂತರಾಯರು ಧೋತರ ಎತ್ತಿ ಕೂಡಲು ಬಗ್ಗಿದರು. ಗುರಣ್ಣ ಹಿಂದಿನಿಂದ ಕುರ್ಚಿ ಎಳೆದುಕೊಂಡ. ಪ್ರಧಾನರು ನೆಲಕ್ಕೆ ಕೂತರು.

"ಅದು ಬಹುಮಾನ, ಇಡಲೇ ಕೆಳಗ."

"ಯಾತರ ಬಹುಮಾನರಿ ಸಾವ್ಕಾರ್ರ?"

"ಸಂಡಾಸದ್ದು."

"ಹೌದಲ್ಲರಿ. ಸಂಡಾಸಕ್ಕೇ ಹೊಂಟದ."

ನಿಜಾಮುದ್ದೀನ ಎಲ್ಲಕ್ಕಿಂತ ಮೊದಲು ವಿಚಾರ ಮುಗಿಸಿದ. ಯಾರೂ ಹೇಳದೆ ಮನೆಗೆ ಹೋಗಿ ಕರಗಸ, ತೂತು ಕೊರೆಯುವ ಗಿರಮಿಟ್ಟು ತಂದ. ದಿಂಬು ಕಿತ್ತು ಬಿಸಾಕಿ, ಹಲಗೆಯ ನಡುವೆ ಪೆನ್ಸಿಲಿನಿಂದ ಒಂದು ದುಂಡು ಎಳೆದ. ಶಾಂತಲಿಂಗಪ್ಪನವರು ರುಮಾಲು ತೆಗೆದಿಟ್ಟು, ತಮ್ಮ ಅನುಭವದಿಂದ ಇನ್ನೂ ನಾಲ್ಕು ಬೆರಳು ಅಗಲ ಬೇಕೆಂದು ಹೇಳಿದರು. ರಂಗೋಲಿ ಬಿಡಿಸಿದ ಹೆಂಗಸರೇ ರಂಗೋಲಿಯ ಮೇಲೆ ನಿಂತು ಗಂಡಸರ ಕೈಗೆ ಹಾರಿ ಕೊಟ್ಟು, ಅಗೀರಿ ಎಂದರು. ಸಾಬವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಸಂಜೆಯೊಳಗೆ ಆಳದ ಕುಣಿ, ಕುಣಿಯ ಮೇಲೆ ಎರಡು ಶಹಾಬಾದಿ ಕಲ್ಲು, ಕಲ್ಲಿನ ಮೇಲೆ ಕುರ್ಚಿ ನಿಂತಿತು. ಗುರಣ್ಣ ತಾನೇ ಮೊದಲು ಕೂತು ಅಲ್ಲಾಡಿಸಿ ನೋಡಿದ, ಅಲ್ಲಾಡಲಿಲ್ಲ. ಶಾರದಾಬಾಯಿ ಅತ್ತೆಯನ್ನು ಕರೆದುಕೊಂಡು ಹೋಗಿ ಕೂಡಿಸಿ, ಹೊರಗೆ ಬಂದು ಬಾಗಿಲು ಮುಚ್ಚಿದಳು. ಇಡೀ ಊರು ಏನೋ ನೆನಪಾದಂತೆ ಮುಖ ಅತ್ತ ಮಾಡಿ ತಮ್ಮ ತಮ್ಮ ಮನೆಗೆ ಹೋಯಿತು.

ಎಂಟು ದಿನದ ಮೇಲೆ ದೇವೀಂದ್ರಪ್ಪನವರು ಜೀಪಿನಲ್ಲಿ ಬಂದರು. ಕಸ್ತೂರಿಬಾಯಿ ಮೇಲಿನವರಿಗೆ ಕಾಗದ ಬರೆದಿದ್ದಳು, ಮೇಲಿನವರು ಎಣಿಕೆಯ ಬಗ್ಗೆ ಏನೂ ಹೇಳದೆ, ಬಹುಮಾನವನ್ನು ಕೂಡಲೇ ವಾಪಸು ತರುವಂತೆ ಅವರಿಗೆ ಹುಕುಂ ಮಾಡಿದ್ದರು. ಆ ಕುರ್ಚಿ ಸರ್ಕಾರದ ಸಾಮಾನು, ಇದ್ದ ಸ್ಥಿತಿಯಲ್ಲೇ ಒಯ್ಯಬೇಕು ಎಂದರು. ಗುರಣ್ಣ ಸಿಟ್ಟಾಗಲಿಲ್ಲ. ಅವರ ಕೈ ಹಿಡಿದು ಜೀಪಿನಿಂದ ಇಳಿಸಿ, ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ.

"ಒಯ್ಯಿರಿ ಸಾಹೇಬ್ರ, ಯಾರು ಬ್ಯಾಡಂದ್ರು. ನಮ್ಮವ್ವ ಈಗ ಅದರ ಮ್ಯಾಲ ಕೂತಾಳ. ಎದ್ದ ಮ್ಯಾಲ ಎತ್ಕೊಂಡು ಹೋಗ್ರಿ."

ಶಾರದಾಬಾಯಿ ಚಾ ತಂದಳು. ಎದುರುಮನೆಯಿಂದ ಚಾ ಬಂತು. ಸಾಬವ್ವ ಎರಡು ಕಪ್ಪು ತಂದಳು. ದೇವೀಂದ್ರಪ್ಪನವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಮೂರನೆಯ ಕಪ್ಪು ಮುಗಿಸಿ ಕಟ್ಟೆಯ ಮೇಲೆ ಅತ್ತಿತ್ತ ಸರಿದಾಡತೊಡಗಿದರು. ಶರಣಬಸಮ್ಮ ಆ ಮಧ್ಯಾಹ್ನ ಎರಡೂವರೆ ರೊಟ್ಟಿ ಉಂಡಿದ್ದಳು. ಅವಸರ ಮಾಡಲಿಲ್ಲ.